ಸರ್ವೇಯರ್ ವರದಿ ತಪ್ಪಿದರೆ ದೂರು ಯಾರಿಗೆ? (ಇಂಗ್ಲೆಂಡ್)

ಪ್ರಶ್ನೆ: ಕೊಳ್ಳುವ ಮುನ್ನ ಸರ್ವೇಯರ್ (ಮನೆಯ ಸ್ಥಿತಿ ಪರೀಕ್ಷಿಸುವವರು) ಮಾಡಿದ ಲೆವೆಲ್ 2 ಸರ್ವೆಯಲ್ಲಿ (ಮಧ್ಯಮ ಮಟ್ಟದ ತಪಾಸಣೆ) ಗೋಡೆಯ ತೇವದ ಸುಳಿವೇ ಇಲ್ಲ. ಮನೆ ಕೊಂಡ ಮೇಲೆ ಪ್ಲಾಸ್ಟರ್ ಉದುರುತ್ತಿದೆ. ಆರ್‌ಐಸಿಎಸ್‌ಗೆ (ಸರ್ವೇಯರ್‌ಗಳ ವೃತ್ತಿಸಂಸ್ಥೆ) ಬರೆದರೆ ಪರಿಹಾರ ಸಿಗುತ್ತಾ?

ಉತ್ತರ 1: ಇಲ್ಲ. ಆರ್‌ಐಸಿಎಸ್ ಸದಸ್ಯರ ನಡತೆ ವಿಚಾರಿಸುತ್ತೆ, ಹಣ ಕೊಡಿಸಲ್ಲ. ಮೊದಲು ಸರ್ವೇಯರ್ ಕಂಪನಿಗೇ ಲಿಖಿತ ದೂರು ಕೊಡಿ. 8 ವಾರದಲ್ಲಿ ಇತ್ಯರ್ಥವಾಗದಿದ್ದರೆ ಅವರು ಸೇರಿರುವ ಸ್ವತಂತ್ರ ಪರಿಹಾರ ಯೋಜನೆಗೆ (ಇಂಥ ದೂರು ಇತ್ಯರ್ಥ ಮಾಡುವ ವ್ಯವಸ್ಥೆ) ಹೋಗಿ.

ಉತ್ತರ 2: ದಯವಿಟ್ಟು ಈಗಲೇ ರಿಪೇರಿಗೆ ಕೈಹಾಕಬೇಡಿ, ಸಾಕ್ಷ್ಯವೇ ಅಳಿಸಿಹೋಗುತ್ತೆ. ಫೋಟೋ ತೆಗೆದಿಡಿ, ಬೇರೆ ಸರ್ವೇಯರ್‌ನಿಂದ ವರದಿ ಪಡೆಯಿರಿ. ಲೆವೆಲ್ 2ರಲ್ಲಿ ಭಾರದ ಪೀಠೋಪಕರಣ ಸರಿಸಲ್ಲ. ತೇವ ಬೀರುವಿನ ಹಿಂದಿದ್ದರೆ ವಾದ ನಿಲ್ಲೋದು ಕಷ್ಟ.

ಉತ್ತರ 3: ರಿಪೇರಿ ಖರ್ಚು ಪೂರ್ತಿ ಬರುತ್ತೆ ಅಂದುಕೊಳ್ಳಬೇಡಿ. 1991ರ ವಾಟ್ಸ್–ಮಾರೋ ತೀರ್ಪಿನಂತೆ, ವರದಿ ಹೇಳಿದ ಸ್ಥಿತಿಯ ಬೆಲೆಗೂ ನಿಜಸ್ಥಿತಿಯ ಬೆಲೆಗೂ ಇರುವ ವ್ಯತ್ಯಾಸವೇ ನಷ್ಟದ ಲೆಕ್ಕ.