ಹೈಪೊಬಯೋಸಿಸ್‌ಗೆ ‘ಸುಪ್ತಾವಸ್ಥೆ’ ಸಲ್ಲದು

ಜಂತುವಿನ ಮರಿಹುಳು ಕುರಿಯ ಹೊಟ್ಟೆಯೊಳಗೆ ಬೆಳವಣಿಗೆ ನಿಲ್ಲಿಸಿ ಉಳಿಯುವ ಸ್ಥಿತಿಗೆ, ಅಂದರೆ ಹೈಪೊಬಯೋಸಿಸ್‌ಗೆ, ಕನ್ನಡದಲ್ಲಿ ಏನೆನ್ನಬೇಕೆಂದು ತಾವು ಕೇಳಿದ್ದೀರಿ. ಕುರಿಗಾಹಿಗಳ ಕರಪತ್ರ ನಾಳೆಯೇ ಅಚ್ಚಿಗೆ ಹೋಗಬೇಕೆಂದು ತಾವು ಬರೆದಿರುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ‘ತಂಗಿದ ಮರಿಹುಳು’ ಎಂದು ಹಾಕಿಸಿ, ಸ್ಥಿತಿಗೆ ‘ತಂಗುವಿಕೆ’ ಎನ್ನಿ. ಕುರಿಯ ಮಾತಿನ ನಡುವೆ ಬರಿಯ ‘ಮರಿ’ ಎಂದರೆ ಕುರಿಮರಿಯೇ ಆಗುವುದರಿಂದ ‘ಮರಿಹುಳು’ ಎಂದು ಪೂರ್ತಿ ಬರೆಯಬೇಕು.

ಹೀಮಾಂಕಸ್ ಎಂಬ ರಕ್ತ ಹೀರುವ ಜಂತುವಿನ ಮರಿಹುಳು ಕುರಿಯ ನಾಲ್ಕನೆಯ ಹೊಟ್ಟೆಯನ್ನು ಸೇರಿದ ಮೇಲೆ, ಹೊರಗಿನ ಹವೆ ತನ್ನ ಸಂತಾನಕ್ಕೆ ಒಗ್ಗದ ಕಾಲವಾದರೆ, ಮರಿಹುಳುವಿನ ನಾಲ್ಕನೆಯ ಹಂತದ ಆರಂಭದಲ್ಲಿಯೇ ಬೆಳವಣಿಗೆಯನ್ನು ನಿಲ್ಲಿಸಿ ಹೊಟ್ಟೆಯ ಒಳಪದರದಲ್ಲಿ ಉಳಿದುಬಿಡುತ್ತದೆ; ಕುರಿ ಈಯುವ ಹೊತ್ತಿಗೆ ಅಥವಾ ಕಾಲ ಅನುಕೂಲವಾದಾಗ ಮತ್ತೆ ಬೆಳೆಯುತ್ತದೆ. ಹೊತ್ತು ನೋಡಿ ಇಳಿದು, ಹೊತ್ತು ನೋಡಿ ಹೊರಡುವುದಕ್ಕೆ ನಮ್ಮಲ್ಲಿ ‘ತಂಗು’ ಎಂಬ ಧಾತುವಿದೆ. ತಮಿಳಿನ ‘ತಂಗು’, ಮಲಯಾಳದ ‘ತಙ್ಙುಕ’ ಇದರ ಒಡಹುಟ್ಟುಗಳೇ.

ಈ ಸ್ಥಿತಿಗೆ ‘ಶಿಶಿರನಿದ್ರೆ’, ಅಂದರೆ ಚಳಿಗಾಲದ ನಿದ್ದೆ, ಎನ್ನುವುದು ತಪ್ಪು. ಚಳಿದೇಶದ ದನಗಳಲ್ಲಿ ಆಸ್ಟರ್ಟೇಜಿಯ ಹುಳು ಚಳಿಗಾಲವನ್ನು ಹೀಗೆ ಕಳೆಯುವುದು ನಿಜವಾದರೂ, ಒಣಸೀಮೆಗಳಲ್ಲಿ ನೆಲ ಕಾದು ಮೊಟ್ಟೆ ಬದುಕದ ಬೇಸಿಗೆಯನ್ನೂ ಜಂತುಗಳು ಹೀಗೆಯೇ ದಾಟುತ್ತವೆ. ‘ಸುಪ್ತ’ ಎಂದರೆ ಮಲಗಿದ್ದು. ಬೀಜಕ್ಕೂ ಮನಸ್ಸಿಗೂ ಈಗಾಗಲೇ ಹಂಚಿಹೋದ ಪದವನ್ನು ಮೂರನೆಯದಕ್ಕೂ ಎಳೆಯುವುದು ಬೇಡ. ‘ಹುದುಗು’ ಎಂಬುದೂ ಬೇಡ, ಅದನ್ನು ಕೇಳಿದ ಕೂಡಲೇ ದೋಸೆಯ ಹಿಟ್ಟು ನೆನಪಾಗುತ್ತದೆ.

ಇನ್ನು, ಗ್ರೀಕಿನ ‘ಹೈಪೊ’ವನ್ನೂ ‘ಬಯೋಸ್’ ಅನ್ನೂ ಒಡೆದು ‘ಕೀಳ್ಬಾಳು’ ಎಂದು ಕಟ್ಟಿರುವ ಅಚ್ಚಗನ್ನಡದ ಮಿತ್ರರು, ಆ ಮಾತಿಗೆ ಹೀನ ಬದುಕು ಎಂಬ ಅರ್ಥ ಮೊದಲೇ ಇದೆಯೆಂಬುದನ್ನು ಗಮನಿಸಿಲ್ಲ. ಸಂಸ್ಕೃತವನ್ನು ಹೊರಗಿಡಬೇಕೆಂಬ ಅವರ ನಿಯಮವನ್ನು ಪಾಲಿಸಿದರೆ ‘ಜಂತು’, ‘ಔಷಧಿ’ ಎರಡೂ ಹೋಗಬೇಕಾಗುತ್ತದೆ. ಅವನ್ನು ಪರಕೀಯವೆನ್ನುವ ಕುರಿಗಾಹಿಯನ್ನು ನಾನು ಕಂಡಿಲ್ಲ. ನಾನು ‘ತಂಗು’ ಎನ್ನುವುದು ಅದು ದೇಶ್ಯವೆಂದಲ್ಲ, ವಿಷಯಕ್ಕೆ ಒಪ್ಪುತ್ತದೆಂದು.

ಪದ ತಪ್ಪಿದರೆ ನಷ್ಟ ಕುರಿಗೆ. ಹುಳು ಮಲಗಿದೆ ಎಂದು ಓದಿದವನು ಅಪಾಯವಿಲ್ಲವೆಂದುಕೊಳ್ಳುತ್ತಾನೆ. ತಂಗಿದ ಹುಳು ಮೊಟ್ಟೆ ಇಡದಿರುವುದರಿಂದ ಹಿಕ್ಕೆಯ ಪರೀಕ್ಷೆಯಲ್ಲೂ ಏನೂ ಕಾಣದು. ಆಮೇಲೆ ಹುಳುಗಳೆಲ್ಲ ಒಟ್ಟಿಗೆ ಎದ್ದು ರಕ್ತ ಹೀರತೊಡಗಿದಾಗ ಕುರಿಯ ಒಸಡು ಬಿಳಿಚಿ, ದವಡೆಯ ಕೆಳಗೆ ನೀರು ತುಂಬಿ ಜೋತುಬೀಳುತ್ತದೆ. ಆದ್ದರಿಂದ ಕರಪತ್ರದಲ್ಲಿ ಈ ವಾಕ್ಯವನ್ನು ಹೀಗೆಯೇ ಬಳಸಬಹುದು: “ಹಿಕ್ಕೆಯಲ್ಲಿ ಮೊಟ್ಟೆ ಕಾಣದಿದ್ದರೂ ಮರಿಹುಳು ಹೊಟ್ಟೆಯ ಒಳಪದರದಲ್ಲಿ ತಂಗಿರಬಹುದು, ತಂಗಿದ ಹುಳುವಿಗೂ ತಾಗುವ ಔಷಧಿಯನ್ನು ಪಶುವೈದ್ಯರಿಂದ ಕೇಳಿ ಪಡೆಯಿರಿ.”