ಬೊಳ್ಳಿಯ ನಾಲ್ಕನೇ ಚೆಂಡು

ಪುಟ್ಟೀ, ನೀನು ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ನೀನು ಯೂನಿಫಾರ್ಮಿನಲ್ಲಿ ಮಲ್ಲಿಗೆ ಗಿಡದ ಹತ್ತಿರ ನಿಂತದ್ದು, ನಮ್ಮ ನಾಯಿ ಬೊಳ್ಳಿ ನಿನ್ನ ಚಪ್ಪಲಿ ಕಚ್ಚಿಕೊಂಡದ್ದು. ಎರಡು ಸಲ ನೋಡಿ ಫೋನ್ ಮಗುಚಿ ಇಟ್ಟೆ. "ದೊಡ್ಡಮ್ಮ ಒಂದು ತಿಂಗಳಿಂದ ಮಾತೇ ಇಲ್ಲ, ಚೌತಿಗೆ ಬರುವಾಗ ಒಂದು ಲ್ಯಾಬ್ರಡಾರ್ ಮರಿ ತರ್ಲಾ" ಅಂತ ಕೇಳಿದ್ದಿ. ಟೈಪ್ ಮಾಡಲಿಕ್ಕೆ ಕೂತರೆ ನಾಳೆಗೂ ಮುಗಿಯಲಿಕ್ಕಿಲ್ಲ, ಮಾತಾಡಿಯೇ ಕಳಿಸುತ್ತೇನೆ. ಹಿಂದೆ ಸದ್ದು ಬರುವುದು ಮಳೆಯದ್ದು. ಉದ್ದ ಆದೀತು, ಅಡುಗೆ ಮಾಡ್ತಾ ಕೇಳು.

ಅವಳು ಬಂದದ್ದು ನಿನಗೆ ನೆನಪಿರಲಿಕ್ಕಿಲ್ಲ. 2013ರ ಮಳೆಗಾಲ. ಆಗ ದೊಡ್ಡ ಬೋಟುಗಳಿಗೆ ರಜೆ ಅಲ್ವಾ, ಹಸಿ ಮೀನು ಇಲ್ಲ ಅಂತ ನಿನ್ನ ದೊಡ್ಡಪ್ಪ ಕಟಪಾಡಿ ಪೇಟೆಗೆ ಒಣಮೀನು ತರಲು ಹೋದವರು, ಒಣಮೀನೂ ಇಲ್ಲದೆ ಒಂದು ನಾಯಿಮರಿ ಹಿಡಿದುಕೊಂಡು ಬಂದರು. ಯಾರೋ ಪುಣ್ಯಾತ್ಮರು ಗೋಣಿಯಲ್ಲಿ ಕಟ್ಟಿ ಬಿಟ್ಟು ಹೋಗಿದ್ದರಂತೆ. ನಾಲ್ಕು ಮರಿ, ನಾಲ್ಕೂ ಹೆಣ್ಣು. ಗಂಡಾಗಿದ್ದರೆ ಗೋಣಿಗೆ ಹಾಕುತ್ತಿರಲಿಲ್ಲ, ಅದು ಬೇರೆ ಮಾತು. ನಾನು ಚೆನ್ನಾಗಿ ಬೈದೆ. "ಹೂ ಕೊಯ್ಯುವುದಾ, ಇದರ ಸೇವೆ ಮಾಡುವುದಾ?" ಅಂದೆ. ಬೆಳ್ಳಗಿದ್ದಳು, ಅತ್ತೆ ಒಳಗಿಂದಲೇ "ಬೊಳ್ಳಿ" ಅಂತ ಕರೆದರು, ಹೆಸರು ಅದೇ ಆಯಿತು.

ಮೊದಲ ವರ್ಷ ಅವಳಿಂದ ಉಪದ್ರವೇ ಜಾಸ್ತಿ. ಗಿಡದ ಬುಡಕ್ಕೆ ಹಾಕಿದ ನೆಲಗಡಲೆ ಹಿಂಡಿಯನ್ನೆಲ್ಲ ಕೆದಕಿ ತಿಂದು, ರಾತ್ರಿ ಜಗಲಿಯಲ್ಲಿ ವಾಂತಿ. ಅಂದಹಾಗೆ ನೀನೂ ಬಾಲ್ಕನಿಯಲ್ಲಿ ಚಟ್ಟಿ ಗಿಡ ಇಟ್ಟಿದ್ದಿ, ನಾಯಿ ಸಾಕುವ ಯೋಚನೆ ಇದ್ದರೆ ಹರಳು ಹಿಂಡಿ ಮಾತ್ರ ಗೊಬ್ಬರಕ್ಕೆ ಹಾಕಬೇಡ. ನಾಯಿಗೆ ಅದು ವಿಷ. ಅದರ ವಾಸನೆಗೆ ಹೋಗಿ ತಿಂದೇ ತಿನ್ನುತ್ತವೆ.

ಮತ್ತೆ ಹೇಗೋ ನನ್ನ ಜೊತೆ ಹೊಂದಿಕೊಂಡಳು. ಬೆಳಿಗ್ಗೆ ಇನ್ನೂ ಮಬ್ಬು ಇರುವಾಗ ಮೊಗ್ಗು ಕೊಯ್ಯಲು ಇಳಿದರೆ ಅವಳು ಮುಂದೆ. ಒಂದೊಂದು ಗಿಡದ ಬುಡ ಮೂಸಿ, ಆಮೇಲೆ ಬದಿಗೆ ಹೋಗುವುದು. ಒಂದು ಸಲ ಮೂರನೇ ಸಾಲಿನಲ್ಲಿ ನನ್ನ ಸೀರೆ ಕಚ್ಚಿ ಎಳೆದಳು, ಬಿಡಲೇ ಇಲ್ಲ. ನೋಡಿದರೆ ಕೇರೆ ಹಾವು. ಪಾಪ, ಅದೇನೂ ಮಾಡುವುದಿಲ್ಲ, ಆದರೆ ಆ ಹೊತ್ತಿಗೆ ಕೇರೆಯಾ ನಾಗರವಾ ಅಂತ ನೋಡುವ ಧೈರ್ಯ ಯಾರಿಗುಂಟು?

ಕೊಯ್ದಾದ ಮೇಲೆ ಕಟ್ಟುವುದು. ನಿನಗೆ ಗೊತ್ತುಂಟಲ್ಲ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನಿನಲ್ಲಿ ಅಟ್ಟೆಗೆ 2,000 ದಾಟಿದ ದಿನವೂ ಉಂಟು, ಯಾರಿಗೂ ಬೇಡದ ದಿನವೂ ಉಂಟು. ನಾನು ಜಗಲಿಯಲ್ಲಿ ಗೋಡೆಗೆ ಒರಗಿ, ನೆನೆಸಿದ ಬಾಳೆ ನಾರು ಪಕ್ಕಕ್ಕೆ ಇಟ್ಟು ಕೂರುವುದು. ಬೊಳ್ಳಿ ನಾರಿನ ಆಚೆ ಕಣ್ಣು ಮುಚ್ಚಿ ಮಲಗುವುದು. ಮೊದಲನೇ ಚೆಂಡು, ಎರಡನೇದು, ಮೂರನೇದು, ಅಲ್ಲಾಡುವುದೇ ಇಲ್ಲ. ನಾಲ್ಕನೇದರ ಕೊನೆಗೆ ಎದ್ದು, ಮೈ ಕೊಡವಿ, ಗೇಟಿನ ಹತ್ತಿರ ಹೋಗಿ ನಿಲ್ಲುವಳು. ಯಾಕೆಂದರೆ ಆಮೇಲೆ ಹೂ ಕೊಡಲು ಶಂಕರಪುರದ ಕಟ್ಟೆಗೆ ಹೋಗುವುದು, ದಾರಿಯ ಹೋಟೆಲಿನಲ್ಲಿ ಒಂದು ಗೋಳಿಬಜೆ ಸಿಗುವುದು. ನಾನು ಊರಿಗೆಲ್ಲ ಹೇಳಿದೆ, ನಮ್ಮ ಬೊಳ್ಳಿಗೆ ನಾಲ್ಕರವರೆಗೆ ಲೆಕ್ಕ ಬರುತ್ತದೆ ಅಂತ.

ನಡುವೆ ಒಂದು ಸಲ ಹೋಗಿಬಿಡುತ್ತಿದ್ದಳು. ಆರು ವರ್ಷ ಆಗಿತ್ತು ಆಗ. ಎರಡು ದಿನ ಊಟ ಬಿಟ್ಟಳು, ನಾನು ಸೆಕೆಗೆ ಅಂತ ಬಿಟ್ಟುಬಿಟ್ಟೆ. ಮೂರನೇ ದಿನ ಮೂಗಿನಿಂದ ರಕ್ತ. ಪಶು ಆಸ್ಪತ್ರೆಯ ಡಾಕ್ಟ್ರು ತುಟಿ ಎತ್ತಿ ತೋರಿಸಿದರು, ಒಸಡು ಕಾಗದದ ಹಾಗೆ ಬಿಳಿ. ಉಣ್ಣಿ ಕಚ್ಚಿ ಬರುವ ಜ್ವರ, ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಒಂದು ದಿನವೂ ತಪ್ಪಬಾರದು, ಖಾಲಿ ಹೊಟ್ಟೆಗೆ ಕೊಡಬಾರದು ಅಂದರು. ನಾನು ಬಂಗುಡೆಯ ಮುಳ್ಳು ತೆಗೆದು, ಒಳಗೆ ಮಾತ್ರೆ ಇಟ್ಟು ಕೊಟ್ಟರೆ, ಬಂಗುಡೆ ಹೋಯಿತು, ಮಾತ್ರೆ ಚೊಕ್ಕವಾಗಿ ನೆಕ್ಕಿಟ್ಟ ಹಾಗೆ ನೆಲದ ಮೇಲೆ. ಕೊನೆಗೆ ಬೆಲ್ಲದಲ್ಲಿ ಒತ್ತಿ ಬಾಯಿಯೊಳಗೆ ಬೆರಳು ಹಾಕಿ ನುಂಗಿಸಿದೆ. ಕ್ಯಾಲೆಂಡರಿನಲ್ಲಿ ದಿನಾ ಗೀಟು ಹಾಕಿದ್ದು ಇನ್ನೂ ಉಂಟು. ಆಮೇಲೆ ಪ್ರತಿ ಸಂಜೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕುವುದು ನನ್ನ ಕೆಲಸ ಆಯಿತು. ಟಿವಿ ಸೀರಿಯಲ್ ನೋಡಿದ್ದಕ್ಕಿಂತ ಆ ಕಿವಿ ನೋಡಿದ್ದು ಜಾಸ್ತಿ.

ಈ ವರ್ಷ ನೀರು ಕುಡಿಯುವುದು ಹೆಚ್ಚಾಯಿತು, ಮೂತ್ರವೂ ಹೆಚ್ಚು. ಕಿಡ್ನಿ ಸೋತಿದೆ ಅಂದರು, ಹನ್ನೆರಡು ವರ್ಷದವಳಿಗೆ ಇನ್ನೆಷ್ಟು ಮಾಡುವುದು. ಕಟ್ಟೆಯವರೆಗೆ ನಡೆಯಲು ಆಗುತ್ತಿರಲಿಲ್ಲ. ದೊಡ್ಡಪ್ಪ ಸ್ಕೂಟರಿನ ಮುಂದೆ ಕಾಲಿಡುವಲ್ಲಿ ಕೂರಿಸಿ ಕರೆದುಕೊಂಡು ಬರುತ್ತಿದ್ದರು, ನಾನು ಹೂವಿನ ಚೀಲ ಹಿಡಿದು ಹಿಂದೆ. ನೋಡಿದವರು ನಗಾಡಿದರು. ಆಟಿ ತಿಂಗಳ ಒಂದು ಬೆಳಿಗ್ಗೆ ಬಚ್ಚಲಿನ ಒಲೆಯ ಹತ್ತಿರ ಮಲಗಿದವಳು ಏಳಲಿಲ್ಲ. ಅಷ್ಟೇ.

ನಿನ್ನ ಅಪ್ಪ ಆ ದಿನ ಫೋನಿನಲ್ಲಿ "ಅತ್ತಿಗೆ, ಒಂದು ನಾಯಿಗೆ ಇಷ್ಟೆಲ್ಲ ಯಾಕೆ" ಅಂದರು. ಸಮಾಧಾನಕ್ಕೇ ಹೇಳಿದ್ದು, ಗೊತ್ತು. ನನಗೆ ಉತ್ತರ ಬರಲಿಲ್ಲ. ಮೊನ್ನೆ ಸಿಕ್ಕಿತು.

ಮಳೆಗೆ ಹೂ ಕಡಿಮೆ, ಮೊನ್ನೆ ಆದದ್ದು ಒಂದೂವರೆ ಚೆಂಡು. ಕೊನೆಯ ಗಂಟು ಹಾಕುವ ಮೊದಲು ನನ್ನ ಬಲಗಾಲು ತನ್ನಷ್ಟಕ್ಕೆ ಮುಂದಕ್ಕೆ ಹೋಯಿತು. ಮಂಡಿ ನೋವಲ್ವಾ, ಏಳುವ ಮೊದಲು ಕಾಲು ನೀಡುವುದು ಅಭ್ಯಾಸ. ನೀಡಿದ ಕಾಲು ನಾರಿನ ಆಚೆಗೆ ಹೋಗಿ, ಅವಳು ಮಲಗುವ ಜಾಗಕ್ಕೆ ತಾಗಿತು. ಖಾಲಿ ನೆಲ. ಆಗ ನೆನಪಾಯಿತು, ಹಿಂದಿನ ಮಳೆಗಾಲಗಳಲ್ಲೂ ಚೆಂಡು ಒಂದಾಗಲಿ ಒಂದೂವರೆ ಆಗಲಿ, ಅವಳು ಸರಿಯಾದ ಹೊತ್ತಿಗೇ ಏಳುತ್ತಿದ್ದಳು. ಲೆಕ್ಕವೂ ಇಲ್ಲ, ಎಂತದೂ ಇಲ್ಲ ಮಾರಾಯ್ತಿ. ಕಣ್ಣು ಮುಚ್ಚಿ ನನ್ನ ಕಾಲು ಕಾಯುತ್ತಿದ್ದಳು. ಹನ್ನೆರಡು ವರ್ಷ ನಾನು ಹೀಗೆ ಕಾಲು ನೀಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ದೊಡ್ಡಪ್ಪನನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ನಿನ್ನ ಅಪ್ಪನಿಗೆ ಇದನ್ನು ಕೇಳಿಸು.

ಮರಿ ಈಗ ತರಬೇಡ ಮಗಾ. ಬೇಜಾರಿನಿಂದ ಹೇಳುವುದಲ್ಲ. ಲ್ಯಾಬ್ರಡಾರಿಗೆ ನಮ್ಮ ಸೆಕೆ ಕಷ್ಟ, ಅಷ್ಟು ದುಡ್ಡೂ ದಂಡ. ತಂದರೂ ಮುಂದೆ ಪೇಟೆಯಿಂದಲೇ ಒಂದು ಹೆಣ್ಣು ಮರಿ ತರುವ, ಗೋಣಿ ಕಟ್ಟುವವರು ಇನ್ನೂ ಇದ್ದಾರೆ. ನೀನು ಬರುವಾಗ ಆ ಫೋಟೋ ದೊಡ್ಡದು ಮಾಡಿಸಿ ತಾ. ಚಪ್ಪಲಿ ಕಾಣಬೇಕು, ಅದನ್ನು ಕತ್ತರಿಸಬೇಡ.

ಆಯ್ತು, ನಾರು ನೆನೆದಿರಬೇಕು. ಇವತ್ತು ಎರಡು ಚೆಂಡು ಆದೀತು. ಇಡುತ್ತೇನೆ.