ಒಂದೇ ಸ್ಕ್ರೀನ್ ಫಂಕ್ಷನ್‌ಗೆ ಎರಡು ಮಾಡ್ಯೂಲ್ ಸುತ್ತಿಕೊಂಡಿವೆ, ಅನುಭವ ಇದ್ದವರು ಹೇಳಿ

ಪ್ರಶ್ನೆ (ಹಿಂಜವಡಿ, ಪುಣೆ): ಎಕ್ಸ್ ಸರ್ವರ್‌ನ (ಲಿನಕ್ಸ್‌ನಂಥ ಕಡೆ ಪರದೆಗೆ ವಿಂಡೋ ಬಿಡಿಸುವ ಪ್ರೋಗ್ರಾಂ) ಸ್ಕ್ರೀನ್ ಸ್ಟ್ರಕ್ಟ್‌ನಲ್ಲಿರುವ ಕಾಪಿವಿಂಡೋ (ವಿಂಡೋ ಸರಿಸಿದಾಗ ಅದರ ಚಿತ್ರ ನಕಲಿಸುವ ಫಂಕ್ಷನ್) ಪಾಯಿಂಟರನ್ನು ಎತ್ತಿಟ್ಟುಕೊಂಡು, ಆ ಜಾಗದಲ್ಲಿ ನಮ್ಮ ಫಂಕ್ಷನ್ ಕೂರಿಸಿದ್ದೇವೆ. ಅದರ ಮೇಲೆ ಇನ್ನೊಂದು ಟೀಮ್ ತಮ್ಮದನ್ನು ಕೂರಿಸಿದೆ. ನಾವು ಆಫ್ ಮಾಡಿದರೆ ಅವರ ಲಾಗ್ ನಿಲ್ಲುತ್ತೆ. ಆಮೇಲೆ ಅವರೂ ಆಫ್ ಮಾಡಿದರೆ, ವಿಂಡೋ ಸರಿಸಿದ ಕೂಡಲೇ ಕ್ರ್ಯಾಶ್. ಪದರಗಳನ್ನು ಹೇಗೆ ಜೋಡಿಸೋದು?

ಕೋಥ್ರೂಡ್‌ನಿಂದ: ಆಫ್ ಅಂದ್ರ ಪಾಯಿಂಟರ್ ವಾಪಸ್ ಬರಿಯೋದು ಅಂತ ಮಾಡೀರಿ ಅನಸ್ತದ. ಹಂಗ ಮಾಡಬ್ಯಾಡ್ರಿ. ನೀವು ಹಳೇದನ್ನ ಬರದ ಕೂಡಲೇ ಮ್ಯಾಲಿನವರು ಸರಪಳಿಯಿಂದ ಔಟ್. ಆದ್ರ ಅವರು ಎತ್ತಿಟ್ಟಿರೋದು ನಿಮ್ಮ ಫಂಕ್ಷನ್. ಅವರು ಬಿಚ್ಚಿದಾಗ ಅದು ಮತ್ತ ಸ್ಕ್ರೀನ್‌ಗೆ ಬಂದು ಕೂರ್ತದ. ನಿಮ್ಮ ಪ್ರೈವೇಟ್ ಡೇಟಾ (ಎತ್ತಿಟ್ಟ ಪಾಯಿಂಟರ್ ಇರೋ ಜಾಗ) ಅಷ್ಟರಾಗ ಫ್ರೀ ಆಗಿರ್ತದ. ಒಂದು ಫ್ಲ್ಯಾಗ್ ಇಡ್ರಿ, ಆಫ್ ಇದ್ರ ಸುಮ್ನ ಕೆಳಗ ದಾಟಿಸ್ರಿ. ಬಿಚ್ಚೋದು ಕ್ಲೋಸ್‌ಸ್ಕ್ರೀನ್‌ನಾಗ (ಸ್ಕ್ರೀನ್ ಮುಚ್ಚುವಾಗ ಕರಿಯೋ ಫಂಕ್ಷನ್) ಮಾತ್ರ. ಅದನ್ನೂ ಎಲ್ಲಾರೂ ಸುತ್ತಿರ್ತಾರ, ಹಂಗಾಗಿ ಕಡೀಗೆ ಸುತ್ತಿದವರು ಮೊದಲು ಬಿಚ್ಚತಾರ.

ಔಂಧ್‌ನಿಂದ: ಫ್ಲ್ಯಾಗ್ ಸರಿ. ಫಂಕ್ಷನ್ ಒಳಗಿನ ಕ್ರಮವನ್ನೂ ಒಮ್ಮೆ ನೋಡಿಕೊಳ್ಳಿ. ಎತ್ತಿಟ್ಟದ್ದನ್ನು ಸ್ಕ್ರೀನ್‌ಗೆ ಬರೆದು, ಅದನ್ನು ಕರೆದು, ಮರಳಿದ ಮೇಲೆ ಅಲ್ಲಿ ಈಗ ಏನಿದೆಯೋ ಅದನ್ನು ಮತ್ತೆ ಎತ್ತಿಟ್ಟು, ಆಮೇಲೆ ನಿಮ್ಮದನ್ನು ಕೂರಿಸಬೇಕು. ಈ ಎರಡನೇ ಸಲ ಎತ್ತಿಡುವ ಸಾಲನ್ನು ದಂಡ ಅಂತ ಅಳಿಸುವವರೇ ಜಾಸ್ತಿ. ಆ ಕರೆಯೊಳಗೆ ಕೆಳಗಿನ ಪದರ ತನ್ನ ಪಾಯಿಂಟರ್ ಬದಲಿಸಿದ್ದರೆ ನೀವು ಹಳೆಯದನ್ನೇ ಹಿಡಿದು ಕೂತಿರುತ್ತೀರಿ. ನಡುವೆ ಎಲ್ಲೂ ರಿಟರ್ನ್ ಬೇಡ. ಹಾಗೆ ಹೊರಬಿದ್ದರೆ ನಿಮ್ಮ ಪದರ ಸದ್ದಿಲ್ಲದೆ ಕಳಚುತ್ತೆ, ಎರರ್ ಕೂಡ ಬರಲ್ಲ.

ಪಿಂಪ್ರಿಯಿಂದ: ಪರದೆಯ ಯಾವ ಭಾಗ ಬದಲಾಯ್ತು ಅಂತಷ್ಟೇ ಬೇಕಿದ್ರೆ ಸುತ್ತೋದೇ ಬೇಡ ಸರ್. ಎಕ್ಸ್‌ನ ಮೂಲ ಗೆರೆ, ಅಕ್ಷರ, ಚಿತ್ರ ಎಲ್ಲ ಜಿಸಿಯ (ಬಣ್ಣ, ಗೆರೆ ದಪ್ಪದಂಥ ಸೆಟ್ಟಿಂಗ್ ಇಡುವ ಗ್ರಾಫಿಕ್ಸ್ ಕಾಂಟೆಕ್ಸ್ಟ್) ಆಪ್ಸ್ ಟೇಬಲ್ ಮೂಲಕ ಹೋಗುತ್ತೆ, ಅಲ್ಲೇ 20 ಫಂಕ್ಷನ್. ವ್ಯಾಲಿಡೇಟ್‌ಜಿಸಿ (ಬಿಡಿಸುವ ಮೊದಲು ಜಿಸಿಯನ್ನು ಸರಿಹೊಂದಿಸುವ ಹಂತ) ಆದಾಗ ಆ ಟೇಬಲ್ಲೇ ಬದಲಾಗಬಹುದು. ಎಕ್ಸ್ ಸರ್ವರ್‌ನಲ್ಲೇ ಇರುವ, ಬದಲಾದ ಭಾಗ ಗುರುತಿಸುವ ಡ್ಯಾಮೇಜ್ ಪದರ ಈ ತಲೆನೋವನ್ನೆಲ್ಲ ಆಗಲೇ ಹೊತ್ತಿದೆ. ಅಲ್ಲಿ ರಿಜಿಸ್ಟರ್ ಮಾಡಿ ಸಾಕು.

ಹಿಂಜವಡಿ: ನಮಗೆ ಕಾಪಿಗೆ ಹಿಡಿಯುವ ಸಮಯ ಅಳೀಬೇಕು ಸರ್, ಡ್ಯಾಮೇಜ್ ಸಾಲಲ್ಲ. ವೇಲ್ಯಾಂಡ್‌ನಲ್ಲಿರುವ (ಎಕ್ಸ್‌ನ ಬದಲಿಗೆ ಬಂದ ವ್ಯವಸ್ಥೆ) ಲಿಸನರ್ ಪಟ್ಟಿ ಥರ, ಅಂದ್ರೆ ಘಟನೆ ಆದಾಗ ಒಬ್ಬೊಬ್ಬರಿಗೂ ತಿಳಿಸುವ ಪಟ್ಟಿ, ನಾವೇ ಒಂದು ಮಾಡಿಕೊಂಡರೆ?

ಕೋಥ್ರೂಡ್: ಅದರಾಗ ನಡುವಿನವರು ಎದ್ದು ಹೋದ್ರೂ ಉಳಿದವರಿಗೆ ತ್ರಾಸ ಇಲ್ಲ, ಖರೆ. ಆದ್ರ ಲಿಸನರ್‌ಗೆ ಸುದ್ದಿ ಅಷ್ಟ ಮುಟ್ತದ. ಟೈಮ್ ಅಳೀಲಿಕ್ಕೆ ಕರೆಯ ಮೊದಲೂ ನಂತರನೂ ನೀವು ಇರಬೇಕು, ಅದಕ್ಕ ಸುತ್ತೋದ ಬೇಕು. ಈಗ ಜಿಡಿಬಿ (ಡೀಬಗರ್) ಹಚ್ಚಿ, ಸ್ಕ್ರೀನ್‌ನ ಕಾಪಿವಿಂಡೋ ವಿಳಾಸಕ್ಕ ಇನ್ಫೋ ಸಿಂಬಲ್ (ಆ ವಿಳಾಸದಾಗ ಯಾವ ಫಂಕ್ಷನ್ ಅದ ಅಂತ ಹೇಳೋ ಕಮಾಂಡ್) ಕೊಡ್ರಿ. ಆಮೇಲೆ ಒಬ್ಬೊಬ್ಬರ ಪ್ರೈವೇಟ್‌ನಾಗಿರೋ ಪಾಯಿಂಟರ್‌ಗೂ ಹಂಗ ಕೇಳ್ರಿ. ಯಾರ ಮ್ಯಾಲೆ ಯಾರು ಅದಾರ ಅಂತ ಸಾಲಾಗಿ ಕಾಣಸ್ತದ.